ಹೊಟ್ಟೆಗೆ ಕಟ್ಟಿದ ಪಟ್ಟಿ

ಇಂಡಿ ಊರಿನ ಬಜಾರದಲ್ಲಿ ನಮ್ಮದೊಂದು ಖಾನಾವಳಿ. ಅದಕ್ಕೆ ಬೋರ್ಡು ಇರಲಿಲ್ಲ. ಬೋರ್ಡಿನ ಕೆಲಸವನ್ನು ನನ್ನ ಹೊಟ್ಟೆಯೇ ಮಾಡುತ್ತಿತ್ತು. ಬಾಗಿಲ ಪಕ್ಕದ ಗಾದಿಯ ಮೇಲೆ ನಾನು ಕೂತಿದ್ದರೆ ಸಾಕು. ಕಚೇರಿ ಕೆಲಸಕ್ಕೆಂದು ಹಳ್ಳಿಗಳಿಂದ ಬಂದ ಜನ ನನ್ನನ್ನು ಒಮ್ಮೆ ನೋಡಿ, ಇಲ್ಲಿ ಊಟಕ್ಕೆ ಮೋಸವಿಲ್ಲ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ದೊಡ್ಡ ಬರಗಾಲದಲ್ಲಿಯೂ ಈ ಬೋರ್ಡು ಮಾಸಲಿಲ್ಲ. ಅದಕ್ಕಾಗಿ ಆಗ ಸ್ವಲ್ಪ ನಾಚಿಕೆಯೂ ಪಟ್ಟಿದ್ದೆ.

ಬರ ಮುಗಿದು ಜೋಳ ಮತ್ತೆ ಕೈಗೆ ಬಂದ ವರ್ಷ ಅದು. ಸಂತೆಯ ದಿನ. ನನ್ನ ಹೆಂಡತಿ ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಗಿರಾಕಿಗಳದ್ದೆಲ್ಲ ಮುಗಿದ ಮೇಲೆ ನಾನು ಎಣಗಾಯಿ ಪಲ್ಯದ ಮುಂದೆ ಕೂತೆ. ಎಷ್ಟೋ ಹೊತ್ತಾದರೂ ಏಳಲಿಲ್ಲ.

"ಏನ್ರಿ, ಇದು ಸಂಜೀ ಗಿರಾಕಿಗೆ ಇಟ್ಟದ್ದು," ಎಂದಳು.

"ನಾನೂ ಗಿರಾಕೀನ ಅಲ್ಲೇನ?"

"ಹೌದ್ರಿ. ಎದ್ದು ಹೋಗದ ಗಿರಾಕಿ."

ಹಾಗೆಂದು ಬೈಯುತ್ತಲೇ ಇನ್ನೊಂದು ರೊಟ್ಟಿ ಹಾಕಿದಳು. ನಮ್ಮ ಮನೆಯ ಕೊನೆಯ ಸಾಮಾನ್ಯ ದಿನ ಅದೇ. ಮರುದಿನ ಬೆಳಿಗ್ಗೆ ತುಂಬಿದ ನೀರಿನ ಹಂಡೆ ಎತ್ತಿದೆ. ಹಂಡೆ ಮೇಲೆ ಬಂತು. ಅದರ ಜೊತೆಗೆ ಹೊಕ್ಕಳೂ ಹೊರಗೆ ಬಂತು.

ಬಿಜಾಪುರದ ದವಾಖಾನೆಯಲ್ಲಿ ಡಾಕ್ಟರು ನನ್ನ ಹೊಟ್ಟೆ ಕೊಯ್ದು, ಹೊರಗೆ ಬಂದದ್ದನ್ನು ಒಳಗೆ ಸೇರಿಸಿ, ದಾರಿಗೆ ಅಡ್ಡವಾಗಿದ್ದ ಕೊಬ್ಬನ್ನೂ ಸಾಕಷ್ಟು ತೆಗೆದು ಹೊಲಿದರು. ಮನೆಗೆ ಕಳಿಸುವ ದಿನ ದಪ್ಪ ಬಿಳಿ ಬಟ್ಟೆಯ ಅಗಲವಾದ ಪಟ್ಟಿಯೊಂದನ್ನು ಹೊಟ್ಟೆಗೆ ಸುತ್ತಿ, ಪಕ್ಕದಲ್ಲಿ ಲಾಡಿ ಕಟ್ಟಿಸಿದರು.

"ಇನ್ನ ತೂಕ ಇಳೀಬೇಕು ಸಾವುಕಾರ್ರ. ಈ ಹೊಲಿಗಿ ಬಿಚ್ಚಿದ್ರ ಮತ್ತ ಹೊಲ್ಯಾಕ ಒಳಗ ಗಟ್ಟಿ ಜಾಗಾ ಉಳದಿಲ್ಲ."

ನಾನು ನಕ್ಕೆ. ನೀಲವ್ವ ನಗಲಿಲ್ಲ. "ವಾರಕ್ಕೊಮ್ಮೆ ತೂಗಸ್ಲೇನ್ರಿ?" ಎಂದು ಕೇಳಿದಳು.

"ತಕ್ಕಡಿ ಗೊಡವಿಗೆ ಹೋಗಬ್ಯಾಡ್ರಿ ತಂಗಿ. ಅದು ಒಂದ ವಾರ ನಗಸ್ತೈತಿ, ಒಂದ ವಾರ ಅಳಸ್ತೈತಿ."

"ಮತ್ತ ಸುಧಾರಸ್ಯಾರೊ ಇಲ್ಲೊ ಅಂತ ಹೆಂಗ ತಿಳೀಬೇಕ್ರಿ?"

"ನಡಕೋತ ಮಾತಾಡಾಕ ಉಸಿರು ಸಾಲತೈತೇನು ನೋಡ್ರಿ. ನೆಲದ ಮ್ಯಾಲ ಕುಂತು ಕೈ ಊರದಂಗ ಏಳತಾರೇನು ನೋಡ್ರಿ. ಈ ಪಟ್ಟಿ ಸಡ್ಲ ಆಗತೈತೇನು ನೋಡ್ರಿ. ಇಷ್ಟ ಸಾಕು."

ಇಷ್ಟು ಸಾಕು ಎಂದರೆ ಸಾಕೆಂದುಕೊಳ್ಳುವ ಗಂಡಸು ನಾನಲ್ಲ. ಅರ್ಧ ಹೊಟ್ಟೆಯ ಊಟದಲ್ಲಿ ಒಂದು ತಿಂಗಳು ಕಳೆದ ಮೇಲೆ ಯಾರಿಗೂ ಹೇಳದೆ ಅಡತಿ ಅಂಗಡಿಗೆ ಹೋದೆ. ಅಲ್ಲಿ ಜೋಳದ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು. ನಾನು ಒಂದು ಕಡೆ ಕೂತೆ. ಹಮಾಲರು ಇನ್ನೊಂದು ಕಡೆ ಕಲ್ಲು ಇಡತೊಡಗಿದರು. ಇಟ್ಟರು, ಇಟ್ಟರು. ದವಾಖಾನೆಯಲ್ಲಿ ತೂಗಿದ್ದಕ್ಕಿಂತ ಒಂದು ಕಿಲೋ ಹೆಚ್ಚೇ ಬಂತು! ತಲೆ ತಿರುಗೀತೆಂದು ಮನೆಯಿಂದ ಹೊರಡುವಾಗ ಒಂದು ತಂಬಿಗೆ ಮಜ್ಜಿಗೆ ಕುಡಿದದ್ದು ಆಮೇಲೆ ನೆನಪಾಯಿತು.

"ಚೀಲದ ತೂಕ ಕಳೀರಿ ಸಾವುಕಾರ್ರ," ಎಂದ ಹಮಾಲ.

"ಯಾವ ಚೀಲಾ?"

ಅವನು ನನ್ನ ಹೊಟ್ಟೆಯ ಕಡೆ ನೋಡಿದ.

ನಾನು ಮನೆ ಸೇರುವ ಮೊದಲೇ ನನ್ನ ತೂಕ ಬಜಾರು ಸೇರಿತ್ತು. ನಮ್ಮೆದುರಿನ ಅಂಗಡಿಯ ದರ್ಜಿ ರಜಾಕ್‌ಸಾಬ ಮಿಷಿನ್ ನಿಲ್ಲಿಸಿ ಕೇಳಿದ, "ಇವತ್ತ ಏನ ದರ ಹತ್ತಿತ್ರಿ ನಿಮಗ?"

ನೀಲವ್ವ ಮಾತ್ರ ಬೈಯಲಿಲ್ಲ. ಆಕೆ ಬೈಯದಿದ್ದರೆ ನನಗೆ ಹೆದರಿಕೆ. ಅಂದು ಪಟ್ಟಿ ಬಿಚ್ಚಿ ಗಾಯವನ್ನು ಎಷ್ಟೋ ಹೊತ್ತು ನೋಡುತ್ತ ಕೂತಳು. ಆಮೇಲೆ ಮತ್ತೆ ಕಟ್ಟಿ, ಪಟ್ಟಿಗೂ ಹೊಟ್ಟೆಗೂ ನಡುವೆ ಬೆರಳು ತೂರಿಸಿ ನೋಡಿದಳು. ಒಂದು ಬೆರಳೂ ಹೋಗಲಿಲ್ಲ.

ಮರುದಿನದಿಂದ ಪರೀಕ್ಷೆಗಳನ್ನೆಲ್ಲ ಆಕೆಯೇ ವಹಿಸಿಕೊಂಡಳು. ಬೆಳಿಗ್ಗೆ ಊರ ಹೊರಗಿನ ಏರು ಹಾದಿಯಲ್ಲಿ ನಾನು ಮುಂದೆ, ಆಕೆ ಹಿಂದೆ. ಏರು ಶುರುವಾಗುತ್ತಲೇ ಪ್ರಶ್ನೆ ಶುರು.

"ನಮ್ಮ ಲಗ್ನದಾಗ ನಿಮ್ಮ ಅಕ್ಕ ಯಾಕ ಸಿಟ್ಟಾಗಿದ್ರು?"

"ಸೀರಿ."

"ಸೀರಿ ಅಂದ್ರ? ಪೂರಾ ಹೇಳ್ರಿ."

"ಸೀರಿ... ಬಣ್ಣಾ..."

"ಕೂಡ್ರಿ. ಸಾಕು. ಕೂಡ್ರಿ ಮೊದಲ."

ನಾನು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರೆ ಆಕೆ ನನ್ನ ಮುಖ ನೋಡುತ್ತಿರಲಿಲ್ಲ. ಹೊಟ್ಟೆಯ ಪಟ್ಟಿಯನ್ನೇ ನೋಡುತ್ತಿದ್ದಳು, ಅದು ಈಗ ಹರಿಯುತ್ತದೆ ಅನ್ನುವ ಹಾಗೆ.

ಅಕ್ಕನ ಸಿಟ್ಟಿನ ಕಥೆ ಪೂರಾ ಹೇಳಲು ನನಗೆ ಚಳಿಗಾಲದವರೆಗೆ ಬೇಕಾಯಿತು. ಒಂದು ದಿನ ಏರಿನ ತಳದಲ್ಲಿ ಶುರು ಮಾಡಿ, ಸೀರೆಯ ಬಣ್ಣ, ನಮ್ಮವ್ವನ ಮಾತು, ಅಕ್ಕ ಊಟ ಬಿಟ್ಟದ್ದು ಎಲ್ಲವನ್ನೂ ಹೇಳುತ್ತ ನಿಲ್ಲದೆ ಮೇಲೆ ಬಂದೆ. ಹೆಮ್ಮೆಯಿಂದ ತಿರುಗಿ ನೋಡಿದೆ.

"ಅದು ಹಂಗ ಆಗಿದ್ದಿಲ್ರಿ," ಎಂದಳು ನೀಲವ್ವ. "ನಿಮ್ಮ ಅಕ್ಕ ಊಟಾ ಬಿಟ್ಟಿದ್ದಿಲ್ಲ. ಎರಡ ಸಲ ಉಂಡಿದ್ರು."

ಉಸಿರಿನಲ್ಲಿ ಪಾಸಾದೆ, ಇತಿಹಾಸದಲ್ಲಿ ಫೇಲಾದೆ. ಈಗ ತಿದ್ದುವವರು ಇಲ್ಲ, ಅಕ್ಕ ಊಟ ಬಿಟ್ಟಿದ್ದಳೆಂದೇ ಬರೆಯಬಹುದು. ಬರೆಯಲು ಮನಸ್ಸಾಗುವುದಿಲ್ಲ.

ಇತ್ತ ನಾನು ಸುಧಾರಿಸುತ್ತ ಹೋದಂತೆ ಖಾನಾವಳಿ ಹದಗೆಡುತ್ತ ಹೋಯಿತು. ಬೋರ್ಡು ಸಣ್ಣದಾಗಿತ್ತಲ್ಲ! ಬಾಗಿಲಿಗೆ ಬಂದ ಜನ ನನ್ನ ಜೋಲುಬಿದ್ದ ಗಲ್ಲ ನೋಡಿ ಹಿಂದೆಮುಂದೆ ನೋಡುತ್ತಿದ್ದರು. "ನೀವ ಹಿಂಗಾದ್ರ ನಾವು ಯಾರ ಮಾರಿ ನೋಡಿ ಉಣಬೇಕ್ರಿ?" ಎಂದ ರಜಾಕ್‌ಸಾಬ. ಆದರೆ ಪಟ್ಟಿಯೊಳಗೆ ಈಗ ನೀಲವ್ವನ ನಾಲ್ಕು ಬೆರಳು ಹೋಗುತ್ತಿದ್ದವು. ಅದಕ್ಕಿಂತ ಬಿಗಿಯಾಗಿ ಕಟ್ಟಲು ಲಾಡಿಗೆ ಜಾಗವಿರಲಿಲ್ಲ. ಹೊಸ ಪಟ್ಟಿ ಹೊಲಿಸಬೇಕೆಂದು ಆಕೆ, ಇದು ನನ್ನ ಪದಕ, ಇರಲಿ ಎಂದು ನಾನು.

ಉಳಿದದ್ದು ಒಂದೇ ಪರೀಕ್ಷೆ. ನೆಲದಿಂದ ಕೈ ಊರದೆ ಏಳುವುದು. ಮನೆಯಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಕೊನೆಯ ಗಳಿಗೆಯಲ್ಲಿ ಕೈ ತಾನಾಗಿಯೇ ಗೋಡೆ ಹುಡುಕುತ್ತಿತ್ತು.

ಅಷ್ಟರಲ್ಲಿ ನೀಲವ್ವನ ತಮ್ಮ ಶಿವಪ್ಪನ ಮಗಳ ಮದುವೆ ಬಂತು. ಹೊರ್ತಿಯಲ್ಲಿ ಮದುವೆ, ಮರುದಿನ ಬೀಗರ ಊಟ. ಶಿವಪ್ಪ ನನ್ನನ್ನು ನೋಡಿದವನೇ ಮುಖ ಸಣ್ಣ ಮಾಡಿದ.

"ಮಾಮಾ, ಏನಿದು ಅವತಾರ? ನಮ್ಮ ಮಾಮಾನ ಊಟಾ ನೋಡಬೇಕ್ರಿ ಅಂತ ಬೀಗರಿಗೆ ಹೇಳಿಕೋತ ಬಂದೇನಿ. ಅವರು ಅದಕ್ಕಂತನ ಕಾಯಾಕತ್ತಾರ."

ನೀಲವ್ವ ನನ್ನನ್ನು ಮೂಲೆಗೆ ಕರೆದಳು. "ಒಂದ ಕಡಬು. ಎರಡನೇದು ಬಂದ್ರ ಎಲಿ ಮ್ಯಾಲ ಕೈ ಅಡ್ಡ ಹಿಡೀರಿ. ನನ್ನ ಮ್ಯಾಲ ಆಣಿ ಐತಿ."

ಕೈ ಅಡ್ಡ ಹಿಡಿದೆ. ಆದರೆ ನಮ್ಮ ಕಡೆ ಬೀಗರ ಊಟದಲ್ಲಿ ಅಡ್ಡ ಹಿಡಿದ ಕೈಯೆಂದರೆ ಇನ್ನೊಂದು ಎಲೆ. ಬಡಿಸುವವನು ಕೈಯ ಮೇಲೆಯೇ ಬಿಸಿ ತುಪ್ಪ ಹುಯ್ದ. ಕೈ ತೆಗೆದೆ. ಕಡಬು ಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದವರು ಮೋರಟಗಿಯಿಂದ ಬಂದ ದೊಡ್ಡ ಬೀಗರು, ಮದುಮಗನ ದೊಡ್ಡಪ್ಪ. ಬಿಳಿ ಮೀಸೆ ತಿರುವುತ್ತ ಅವರೆಂದರು, "ಏನ್ರಿ ಬೀಗರ, ನಮ್ಮ ಜೋಡಿ ಉಣ್ಣಾಕ ಮನಸಿಲ್ಲೇನು?"

ಉಂಡರೆ ಹೊಲಿಗೆಗೆ ಅಪಾಯ. ಬಿಟ್ಟರೆ ಸಂಬಂಧಕ್ಕೆ ಅಪಾಯ. ಆಗ ನನಗೆ ಮೂರನೆಯ ದಾರಿ ಹೊಳೆಯಿತು. ಹೊಳೆಯಬಾರದಿತ್ತು. ಪಟ್ಟಿಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಇದೆಯಲ್ಲ?

ಶಲ್ಯವನ್ನು ಮುಂದಕ್ಕೆ ಎಳೆದುಕೊಂಡೆ. ದೊಡ್ಡ ಬೀಗರು ಅತ್ತ ತಿರುಗಿದಾಗ ಒಂದು ಹೂರಣದ ಕಡಬು ಅಂಗಿಯೊಳಗಿಂದ ಪಟ್ಟಿಗೆ ಇಳಿಯಿತು. ಸಾರು ಬಡಿಸುವಾಗ ಇನ್ನೊಂದು. ಯಾರೋ ಹಾಡು ಹೇಳುವಾಗ ಮತ್ತೆರಡು. ಎಲೆ ಖಾಲಿಯಾದಂತೆಲ್ಲ ಶಿವಪ್ಪನ ಎದೆ ಉಬ್ಬಿತು. "ನಮ್ಮ ಮಾಮಾ ಅಂದ್ರ ಸುಮ್ನ ಅಲ್ಲ," ಎಂದು ಕೂಗಿ ಹೇಳಿದ. ದೊಡ್ಡ ಬೀಗರು ಸೋತೆನೆಂದು ಕೈ ಮುಗಿದರು.

ಅಲ್ಲಿಗೆ ಬಿಟ್ಟಿದ್ದರೆ ನಾನು ಗೆದ್ದಿದ್ದೆ. ಆದರೆ ಇಷ್ಟು ಜನ ನೋಡುತ್ತಿರುವಾಗ ಮೂರನೆಯ ಪರೀಕ್ಷೆಯೂ ಮುಗಿದುಹೋಗಲಿ ಅನ್ನಿಸಿತು. ಎರಡೂ ಕೈ ಮೇಲೆತ್ತಿ, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಎದ್ದೆ.

ಎದ್ದೆ ನಿಜ. ಅದೇ ಗಳಿಗೆಗೆ ಹೊಟ್ಟೆಯ ಮೇಲೆ ಏನೋ ಪಿಚಕ್ಕೆಂದು ಒಡೆಯಿತು. ಬಿಸಿಯಾದದ್ದೇನೋ ಗಾಯದ ಮೇಲೆ ಹರಿದು ಕೆಳಗಿಳಿಯಿತು. ಡಾಕ್ಟರ ಮಾತೊಂದನ್ನು ಬಿಟ್ಟು ಆ ಹೊತ್ತಿಗೆ ನನಗೆ ಬೇರೇನೂ ನೆನಪಾಗಲಿಲ್ಲ. ಪಟ್ಟಿಯೊಳಗಿನ ಕಡಬಂತೂ ಮರೆತೇಹೋಗಿತ್ತು.

"ನೀಲಾ, ಹೊಲಿಗಿ ಹೋತು!" ಎಂದು ಕೂಗಿ ಗೋಡೆಗೆ ಒರಗಿದೆ.

ಹೆಂಗಸರ ಪಂಕ್ತಿಯಿಂದ ಆಕೆ ಹೇಗೆ ಬಂದಳೋ ತಿಳಿಯದು. ಎಲೆಗಳನ್ನು ತುಳಿದುಕೊಂಡೇ ಬಂದಳು. ನಾಲ್ಕು ಜನ ನನ್ನನ್ನು ಎತ್ತಿದರು. ದೊಡ್ಡ ಬೀಗರು ತಮ್ಮ ಜೀಪು ತರಿಸಿದರು. "ನಾನ ಒತ್ತಾಯಾ ಮಾಡಿ ಉಣಿಸಿದ್ನಿ, ನಾನ ಕೊಂದ್ನಿ," ಎಂದು ಮುಂದಿನ ಸೀಟಿನಲ್ಲಿ ಕೂತು ಅಳತೊಡಗಿದರು. ಹಿಂದೆ ನಾನು ಅಡ್ಡಬಿದ್ದಿದ್ದೆ, ತಲೆ ನೀಲವ್ವನ ತೊಡೆಯ ಮೇಲೆ. ಆಕೆ ಸೆರಗು ಮುದ್ದೆ ಮಾಡಿ ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಬಾಯಲ್ಲಿ ಒಂದೇ ಮಾತು, "ಕಣ್ಣ ಮುಚ್ಚಬ್ಯಾಡ್ರಿ, ನನ್ನ ಕೂಡ ಮಾತಾಡ್ರಿ."

ಬಿಜಾಪುರದ ದಾರಿ ಅರ್ಧ ಸವೆದಿರಬೇಕು. ಆಕೆ ಸೆರಗು ತೆಗೆದು ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಬಾಗಿ ನನ್ನ ಕಿವಿಯಲ್ಲಿ ಕೇಳಿದಳು.

"ರಕ್ತಕ್ಕ ಯಾಲಕ್ಕಿ ವಾಸನಿ ಹೆಂಗ ಬರತೈತ್ರಿ?"

ನನಗೆ ಆಗ ನೆನಪಾಯಿತು. ಜೀವ ಮರಳಿ ಬಂತು, ಬಂದು ಕೂಡಲೇ ಹೋಯಿತು. ಬೀಗರ ಊಟದ ಕಡಬನ್ನು ಹೊಟ್ಟೆಗೆ ಕಟ್ಟಿಕೊಂಡವನೆಂದು ಗೊತ್ತಾದರೆ ಶಿವಪ್ಪನ ಮಗಳ ಗತಿಯೇನು? ನಾನು ಸುಮ್ಮನೆ ಕಣ್ಣು ಮುಚ್ಚಿದೆ.

"ಹೆಂಗದಾರ್ರಿ?" ಎಂದು ದೊಡ್ಡ ಬೀಗರು ಹಿಂದಕ್ಕೆ ತಿರುಗಿದರು.

ನೀಲವ್ವ ಸೆರಗನ್ನು ಮತ್ತೆ ಹೊಟ್ಟೆಯ ಮೇಲೆ ಮುಚ್ಚಿದಳು. "ಯಾರೂ ಮುಟ್ಟಬ್ಯಾಡ್ರಿ. ಡಾಕ್ಟರ್ರ ನೋಡ್ಲಿ."

ಡಾಕ್ಟರು ಪಟ್ಟಿ ಬಿಚ್ಚಿದರು. ನಾಲ್ಕರಲ್ಲಿ ಮೂರು ಕಡಬು ಒಡೆದಿದ್ದವು, ಒಂದು ಗಟ್ಟಿಯಾಗಿತ್ತು. ಅವರು ಹೂರಣ ಒರೆಸಿಸಿ, ಗಾಯದ ಉದ್ದಕ್ಕೂ ಹೆಬ್ಬೆರಳು ಒತ್ತಿ, "ಕೆಮ್ಮರಿ," ಎಂದರು. ಕೆಮ್ಮಿದೆ. "ಜೋರಾಗಿ." ಜೋರಾಗಿ ಕೆಮ್ಮಿದೆ. ಅವರ ಹೆಬ್ಬೆರಳು ಅಲುಗಲಿಲ್ಲ.

"ಹೊಲಿಗಿ ಗಟ್ಟಿ ಐತಿ. ಕುಂತಲ್ಲಿಂದ ಹೆಂಗ ಎದ್ರಿ?"

"ಕೈ ಊರದಂಗ ಎದ್ನಿರಿ."

"ಹಂಗಾದ್ರ ಆತು. ಪಟ್ಟೀನೂ ಸಡ್ಲ ಆಗೇತಿ. ಆದ್ರ ಇದರಾಗ ಇಷ್ಟ ಜಾಗಾ ಆಗೇತಿ ಅಂತ ತೋರ್ಸಾಕ ಕಡಬು ಬೇಕಾಗಿದ್ದಿಲ್ಲ."

ಅರೆತೆರೆದ ಬಾಗಿಲಿನಿಂದ ಹೊರಗಿನ ಪಡಸಾಲೆ ಕಾಣುತ್ತಿತ್ತು. ಡಾಕ್ಟರ ಮಾತು ಕೇಳಿದ ಮೇಲೆ ನೀಲವ್ವ ಅಲ್ಲಿಗೆ ಹೋಗಿ, ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿತ್ತು. ನಗುತ್ತಿದ್ದಾಳೆಂದು ಮೊದಲು ತಿಳಿದೆ. ಅಷ್ಟು ತಿಂಗಳು ಒಂದು ಹನಿ ಕಣ್ಣೀರು ಹಾಕದೆ ಪಟ್ಟಿ ಕಟ್ಟಿ ಬಿಚ್ಚಿದವಳು ಅಲ್ಲಿ ನಿಂತು ಎಲ್ಲವನ್ನೂ ಒಮ್ಮೆಗೇ ಅತ್ತಳು.

ದೊಡ್ಡ ಬೀಗರು ಓಡಿ ಬಂದು, "ಡಾಕ್ಟರ್ ಏನಂದ್ರವ್ವಾ?" ಎಂದು ಕೇಳಿದಾಗ ಮುಖ ಒರೆಸಿಕೊಂಡಳು.

"ಒಳಗಿದ್ದದ್ದೆಲ್ಲಾ ತಗದಾರ್ರಿ. ಇನ್ನ ಚಿಂತಿ ಇಲ್ಲ."

ಇಂಡಿಗೆ ಮರಳುವ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬಜಾರದಲ್ಲಿ ಇಳಿದ ಮೇಲೆ ಒಂದೇ ಮಾತು ಅಂದಳು: "ಇನ್ನೊಮ್ಮೆ ಹಂಗ ಕೂಗಿದ್ರ ನಾನು ಬರಾಂಗಿಲ್ಲ ನೋಡ್ರಿ."

ಅದಾದ ಮೇಲೆ ಕೆಲವು ವರ್ಷ ನಾವು ಚೆನ್ನಾಗಿಯೇ ಇದ್ದೆವು. ಊರಿನವರೆಲ್ಲ ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟಿದ್ದರು. ನೀಲವ್ವ ಎಂದೂ ಹಾಸಿಗೆ ಹಿಡಿದವಳಲ್ಲ. ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂತು. ಬಿಜಾಪುರಕ್ಕೂ ಕರೆದೊಯ್ದೆ. ಜ್ವರ ಇಳಿಯಲಿಲ್ಲ.

ಈಗ ಸಂಬಳದ ಹೆಂಗಸೊಬ್ಬಳು ಬಂದು ರೊಟ್ಟಿ ಬಡಿಯುತ್ತಾಳೆ. ಡಾಕ್ಟರಿಗೂ ಪಟ್ಟಿಗೂ ಪೂರಾ ಆಗದಿದ್ದ ಕೆಲಸವನ್ನು ಆಕೆಯ ರೊಟ್ಟಿ ಮಾಡಿ ಮುಗಿಸಿದೆ. ಖಾನಾವಳಿಗೆ ಕೊನೆಗೂ ಬಣ್ಣದ ಬೋರ್ಡು ಹಾಕಿಸಿದ್ದೇನೆ. ಏಕೆಂದರೆ ನಾನು ಬಾಗಿಲಲ್ಲಿ ಕೂತರೆ ಈಗ ಜನ ನನ್ನನ್ನು ಗಿರಾಕಿಯೆಂದು ತಿಳಿದು, "ಸಾವುಕಾರ್ರು ಎಲ್ಲದಾರ್ರಿ?" ಎಂದು ಕೇಳುತ್ತಾರೆ. ಕಳೆದ ತಿಂಗಳು ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಎಲ್ಲ ಸರಿಯಾಗಿದೆ ಎಂದರು. ಹೊಲಿಗೆ ಗಟ್ಟಿಯಾಗಿದೆ, ಉಸಿರು ಸಾಲುತ್ತದೆ, ಎಲ್ಲಿ ಕೂತರೂ ಕೈ ಊರದೆ ಏಳುತ್ತೇನೆ.

ನೀಲವ್ವ ಇಲ್ಲ.