ಮಾವ ಕೇಳಿದ ಒಂದು ಹನಿ

ದೇವದುರ್ಗದ ನಮ್ಮ ಸೋದರಮಾವ ಮೇಲಿನ ಚೀಟಿ ಓದದೆ ಯಾವ ವಸ್ತುವನ್ನೂ ಮುಟ್ಟಿದವರಲ್ಲ. ಒಮ್ಮೆ ನೋವಿನ ಮುಲಾಮಿನ ಮೇಲೆ 'ಹೊರಬಳಕೆಗೆ ಮಾತ್ರ' ಎಂದಿದ್ದಕ್ಕೆ ಔಷಧಿ ಅಂಗಡಿಯವನನ್ನು ಅರ್ಧ ತಾಸು ಹಿಡಿದು ನಿಲ್ಲಿಸಿದ್ದರು. "ಒಳಗ ಹಚ್ಚಿಕೊಂಡವರು ಯಾರರ ಅದಾರೇನ್ರಿ? ಇಲ್ಲಂದ್ರ ಇದನ್ನ ಯಾಕ ಬರದಾರ?" ಮಾನ್ವಿಯ ಒಂದು ಮದುವೆಯಲ್ಲಿ ಉಪ್ಪಿನಕಾಯಿ ಬಾಟಲಿ ಅವರ ಕೈಗೆ ಸಿಕ್ಕಿತು. ಇಡೀ ಪಂಕ್ತಿಗೆ ಉಪ್ಪಿನಕಾಯಿ ಬಂದದ್ದು ಮಜ್ಜಿಗೆ ಅನ್ನದ ಹೊತ್ತಿಗೆ.

ಅದೇ ಪಂಕ್ತಿಯಲ್ಲಿ, ಪಕ್ಕಕ್ಕೆ ಕೂತಿದ್ದ ನನ್ನನ್ನು, ರಾಯಚೂರಿನ ಲ್ಯಾಬಿನಲ್ಲಿ ಏನು ಮಾಡುತ್ತೀ ಎಂದು ವಿಚಾರಿಸಿದರು. ನಮ್ಮ ರಕ್ತನಾಳದಲ್ಲಿ ಒಂದು ಪ್ರೋಟೀನು ಇರುತ್ತದೆ, ಅದರ ಜೀನನ್ನು ಬೇರೆ ಜೀವಕೋಶಗಳೊಳಗೆ ಸೇರಿಸಿ ಅವುಗಳಿಂದಲೇ ಆ ಪ್ರೋಟೀನು ಮಾಡಿಸುತ್ತಾರೆ, ಅದನ್ನು ತರಿಸಿ ತಟ್ಟೆಯಲ್ಲಿ ಸಾಕಿದ ನಾಳದ ಕೋಶಗಳಿಗೆ ಹನಿಸಿ ಬೆಳೆಯುತ್ತವೆಯೇ ಎಂದು ನೋಡುತ್ತೇವೆ ಎಂದೆ. ಮಾವ ಹೋಳಿಗೆ ಮುರಿಯುತ್ತ ತಲೆಯಾಡಿಸಿದರು. ಅಲ್ಲಿಗೆ ಮರೆತರೆಂದುಕೊಂಡೆ.

ಮರೆತಿರಲಿಲ್ಲ. ವರ್ಷದೊಳಗೆ ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಪ್ಪಾದವು. ರಕ್ತನಾಳ ಮುಚ್ಚಿವೆ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದರು ರಾಯಚೂರಿನ ಡಾಕ್ಟರು. ಮಾವ ಆಸ್ಪತ್ರೆಯಿಂದ ನೇರ ನನ್ನ ಲ್ಯಾಬಿಗೆ ಬಂದರು.

"ಒಂದು ಹನಿ ಕೊಡವ್ವಾ. ಅತ್ತಿ ಕಾಲಿಗೆ ಹಾಕೋಣು."

"ಮಾವ, ಅದು ಔಷಧ ಅಲ್ಲ."

"ನಾಳ ಬೆಳಸ್ತದ ಅಂತ ನೀನೇ ಹೇಳಿದ್ದಿ."

ಮಾತಿನಲ್ಲಿ ಬಗೆಹರಿಯದೆಂದು ಫ್ರೀಜರಿನಿಂದ ಸೀಸೆ ತೆಗೆದು ತೋರಿಸಿದೆ. ಕಿರುಬೆರಳಿನ ತುದಿಯಷ್ಟಿತ್ತು. ಮಾವ ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿ, ಅರ್ಥ ಕೇಳಿದರು. ಮನುಷ್ಯನ ಪ್ರೋಟೀನು, ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು ಎಂದೆ.

"ಮನುಷ್ಯಂದು ಅಂತ ಬರದದ, ಮನುಷ್ಯಾಗ ಬ್ಯಾಡ ಅಂತನೂ ಬರದದ. ಬರದವ ತಿರುಗಿ ಓದಿಲ್ಲ."

ನನಗೆ ನಗು ಬಂತು. ಮಾವ ನಗಲಿಲ್ಲ.

"ಮತ್ತ ಇದು ಯಾರಿಗೆ?"

"ತಟ್ಟೆಯೊಳಗಿನ ಕೋಶಗಳಿಗೆ."

"ಅವಕ್ಕ ಕಾಲು ಅದಾವೇನವ್ವಾ?"

ಆ ಹನಿ ಕೊಟ್ಟಿದ್ದರೂ ಕಾಲು ಉಳಿಯುತ್ತಿರಲಿಲ್ಲ, ನಂಜೇರಿ ಜೀವಕ್ಕೇ ಕುತ್ತು ಬರಬಹುದಿತ್ತು. ಇದೆಲ್ಲ ನನಗೆ ಗೊತ್ತು. ಆದರೂ ಆ ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡು ಫ್ರೀಜರಿನ ಬಾಗಿಲು ಹಾಕಿದವಳು ನಾನೇ. ಮಾವ ಬೈಯಲಿಲ್ಲ. "ತಪ್ಪು ತಿಳಕೋಬ್ಯಾಡ. ಕೇಳಿ ನೋಡಿದೆ, ಅಷ್ಟ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಮೂರನೆಯ ದಿನ ಕಾಲು ತೆಗೆದರು. ಮುಖ ತೋರಿಸಲು ಧೈರ್ಯ ಬರಲು ನನಗೆ ಒಂದು ವಾರ ಬೇಕಾಯಿತು. ಹೋದವಳು ವಾರ್ಡಿನ ಬಾಗಿಲಲ್ಲೇ ನಿಂತೆ. ಅತ್ತೆ ಮುಖ ಕಿವಿಚಿಕೊಂಡು ಮಾವನಿಗೆ ಹೇಳುತ್ತಿದ್ದರು.

"ಅಂಗಾಲು ತುರಸಾಕತ್ತದರಿ. ಕಾಲಿಲ್ಲ ಅಂತ ಗೊತ್ತದ, ಆದ್ರೂ ತುರಸ್ತದ."

ಮಾವ ಎದ್ದು ಮಂಚದ ತುದಿಗೆ ಹೋದರು. ಚಾದರ ಚಪ್ಪಟೆಯಾಗಿ ಬಿದ್ದಿದ್ದ ಕಡೆ ಬಾಗಿ, ಬೆರಳಿಂದ ಮೆಲ್ಲಗೆ ಕೆರೆಯತೊಡಗಿದರು.

"ಇಲ್ಲೇನು?"

"ಇನ್ನಾ ಸ್ವಲ್ಪ ಕೆಳಗ."

ಬೆರಳು ಸರಿಸಿದರು. "ಈಗ?"

ಅತ್ತೆ ಕಣ್ಣು ಮುಚ್ಚಿದರು. "ಹ್ಞಾಂ. ಅಲ್ಲೇ."