ಕಾದಂಬರಿಯಿಂದ ಇಳಿದ ಮೀನಿನ ತಲೆ

ಸಾಹಿತ್ಯವನ್ನು ಓದುವವರು ಊರು ತುಂಬ ಇದ್ದಾರೆ. ಬೇಯಿಸಿ ಬಡಿಸುವವನು ಕಲ್ಕತ್ತೆಗೆಲ್ಲ ನಾನೊಬ್ಬನೇ! ಹಾಗೆಂದು ಎದೆ ತಟ್ಟಿಕೊಂಡು, ನಿರುಪಮ್ ಹಾಜ್ರಾ ಎಂಬ ನಾನು ಆ ಭಾನುವಾರ ಮಾವನ ಮನೆಯ ಅಡುಗೆಮನೆಯಲ್ಲಿ ಸೊಂಟಕ್ಕೆ ಗಮ್ಛಾ ಟವೆಲ್ಲು ಬಿಗಿದೆ.

ಇದೆಲ್ಲ ಮಾವನಿಗಾಗಿ. ಅವರು ನಿವೃತ್ತ ಬಂಗಾಳಿ ಮೇಷ್ಟ್ರು. ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ಮೇಲೆ "ನನ್ನ ಕಾಲ ಆಯ್ತು" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಮಾತ್ರೆ ಕೊಟ್ಟರೆ ದಿಂಬಿನಡಿ ತುರುಕುತ್ತಿದ್ದರು. ಮಾತ್ರೆ ತಪ್ಪಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದಂದಿನಿಂದ ನನ್ನ ಹೆಂಡತಿ ಸುದೇಷ್ಣಾ ಕದ್ದು ಕದ್ದು ಅಳುತ್ತಿದ್ದಳು. ಅವಳಪ್ಪನ ಪ್ರಾಣವಾದ ಕಾದಂಬರಿಯ ಊಟವನ್ನೇ ತಟ್ಟೆಗಿಳಿಸಿ, ಅವರಿಗೆ ಬದುಕಿನ ರುಚಿ ಮತ್ತೆ ಹತ್ತಿಸುತ್ತೇನೆ ಎಂದು ನಾನು ಪಣ ತೊಟ್ಟೆ. "ಯಾವ ಅಡುಗೆ ಅಂತ ನೀವೇ ಕಂಡುಹಿಡೀಬೇಕು" ಎಂದು ಫೋನಿನಲ್ಲಿ ಡಂಗುರವನ್ನೂ ಸಾರಿದೆ.

ಇಟ್ಟಿಗೆಯಂಥ ಪುಸ್ತಕ. ಪೂರ್ತಿ ಓದಲು ಯಾರಿಗೆ ಪುರುಸೊತ್ತು? ಮೀನಿನ ವಾಸನೆ ಬಂದ ಪುಟದಲ್ಲಿ ನಿಂತೆ. ಕಾತ್ಲಾ ಮೀನಿನ ತಲೆ ಹಾಕಿದ ಹೆಸರುಬೇಳೆ! ಮಕ್ಕಳೆಲ್ಲ ಸಾಲಾಗಿ ಕೂತರಂತೆ. ಎಷ್ಟೋ ದಿನಗಳ ಮೇಲೆ ಮೀನಂತೆ. ಮೊದಲ ತುತ್ತಿಗೇ ಹಿರಿಯ ಮಗನ ಕಣ್ಣಲ್ಲಿ ನೀರಂತೆ. ರುಚಿ ಅಂದರೆ ಇದು! ಮಾವನಿಗೂ ಡಾಕ್ಟರು ಈಗಷ್ಟೇ ಮೀನು ತಿನ್ನಲು ಒಪ್ಪಿಗೆ ಕೊಟ್ಟಿದ್ದರು. ಪುಟದಲ್ಲಿ ರಜನೀಗಂಧದ ಹೂವೂ ಊದುಬತ್ತಿಯೂ ಇದ್ದವು, ಅವನ್ನೂ ತಂದಿಟ್ಟೆ.

"ಸಕ್ಕರೆ ಡಬ್ಬ ಮಾತ್ರ ಮುಟ್ಟಬೇಡ," ಎಂದಳು ಸುದೇಷ್ಣಾ.

ನಾವು ಕಲ್ಕತ್ತೆಯ ಹಳಬರು, ಬೇಳೆಗೂ ಸಕ್ಕರೆ ಹಾಕುವ ವಂಶ. ಅವಳ ಮನೆಯವರು ಪದ್ಮಾ ನದಿಯಾಚೆಯಿಂದ ಬಂದವರು. ಬೇಳೆಗೆ ಸಕ್ಕರೆ ಹಾಕುವವರನ್ನು ಮಾವ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

"ಮುಟ್ಟಲ್ಲ ಕಣೆ. ಸಾಹಿತ್ಯದ ಮೇಲಾಣೆ."

ಬೇಳೆ ಬೆಂದಿತು. ಮಾವ ಅತ್ತೆಯ ಕೈಹಿಡಿದುಕೊಂಡು ಬಂದು ಊಟದ ಮೇಜಿಗೆ ಕೂತರು. ಸುದೇಷ್ಣಾ ಅಡುಗೆಮನೆಗೆ ಬಂದು ನಾನು ತೆರೆದಿಟ್ಟಿದ್ದ ಪುಸ್ತಕ ನೋಡಿದಳು. ಒಂದು ಪುಟ ಹಿಂದಕ್ಕೆ ತಿರುವಿದಳು. ಮುಖ ಬಿಳಿಚಿಕೊಂಡಿತು.

"ಹಿಂದಿನ ಪುಟ ಓದಿದ್ಯಾ?"

"ಅದರಲ್ಲಿ ಊಟ ಇರಲಿಲ್ಲ."

"ಊಟ ಇಲ್ಲ, ಶ್ರಾದ್ಧ ಇದೆ! ಮನೆ ಯಜಮಾನ ಸತ್ತು, ಸೂತಕ ಕಳೆದು, ಮಕ್ಕಳು ಮತ್ತೆ ಮೀನು ಮುಟ್ಟೋ ಊಟ ಇದು. ತಲೆ ಬೋಳಿಸ್ಕೊಂಡು ಕೂತಿದ್ದಾರೆ ಅವರೆಲ್ಲ. ಬದುಕಿರೋ ನಮ್ಮಪ್ಪನಿಗೆ ಅವರದೇ ತಿಥಿ ಊಟ ಹಾಕ್ತೀಯಾ?"

ಅತ್ತೆಯೋ, ಬೆಕ್ಕು ಅಡ್ಡ ಬಂದರೆ ಟ್ಯಾಕ್ಸಿಯನ್ನೇ ಹಿಂದಕ್ಕೆ ತಿರುಗಿಸುವವರು. ಮಾವನೋ, ಮೂವತ್ತು ವರ್ಷ ಇದೇ ಕಾದಂಬರಿ ಪಾಠ ಮಾಡಿದವರು. ಆ ದುರ್ಬಲ ಹೃದಯ ಇದನ್ನು ತಡೆದೀತೇ? ಕೊಲೆಗಾರನಾಗುವ ಭಯ ಏನೆಂದು ನನಗೆ ಆಗ ತಿಳಿಯಿತು.

"ತಲೆ ತೆಗಿ," ಎಂದಳು ಸುದೇಷ್ಣಾ.

"ಯಾರದು?"

"ಮೀನಿಂದು. ನಿಂದು ಆಮೇಲೆ."

ಇಕ್ಕಳದಲ್ಲಿ ತಲೆ ಎತ್ತಿದೆ. ಅದು ಜಾರಿ ಮತ್ತೆ ಪಾತ್ರೆಗೆ ಹಾರಿ, ಅರ್ಧ ಬೇಳೆ ನನ್ನ ಕುರ್ತಾಕ್ಕೆ ಬಂತು. ರಜನೀಗಂಧವನ್ನು ಬಕೆಟ್ಟಿಗೆ ತುರುಕಿದೆ, ಊದುಬತ್ತಿ ನಂದಿಸಲು ಹೋಗಿ ಬೆರಳು ಸುಟ್ಟುಕೊಂಡೆ. ಚೆಲ್ಲಿದ ಬೇಳೆಗೆ ಬಿಸಿನೀರು ಹೊಯ್ದೆ. ಉಪ್ಪು ಸಾಲದೇನೋ ಎಂದು ಡಬ್ಬಕ್ಕೆ ಕೈಹಾಕಿದೆ. ಹೆದರಿದಾಗ ನಮ್ಮ ವಂಶದ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಗಿತ್ತು. ಮೂರು ಚಮಚ ಬಿದ್ದ ಮೇಲೆ ಅದು ಉಪ್ಪಲ್ಲ ಎಂದು ಗೊತ್ತಾಯಿತು.

"ಊಟ ಇದೆಯೋ, ಬರೀ ಸಾಹಿತ್ಯವೋ?" ಮಾವನ ದನಿ ಹೊರಗಿನಿಂದ ಬಂತು.

ತಲೆಯನ್ನು ಮತ್ತೆ ಎತ್ತಲು ಹೊತ್ತಿರಲಿಲ್ಲ, ಹಾಗೇ ಬಡಿಸಿದೆ. ಮೀನಿನ ತಲೆ ಮಾವನ ತಟ್ಟೆಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

"ಯಾವ ಅಧ್ಯಾಯದ್ದಪ್ಪಾ ಇದು?" ಅತ್ತೆ ಅಕ್ಕರೆಯಿಂದ ಕೇಳಿದರು.

"ಮದುವೆ... ಮದುವೆ ಅಧ್ಯಾಯದ್ದು, ಮಾ."

"ಆ ಕಾದಂಬರೀಲಿ ಮದುವೇನೇ ಇಲ್ಲ," ಎಂದರು ಮಾವ.

ಪುಣ್ಯಕ್ಕೆ ಅತ್ತೆ ಕುಡಿಯುವ ನೀರು ತರಲು ಒಳಗೆ ಹೋದರು. ಮಾವ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಕಣ್ಣಿಂದ ನೀರು ಇಳಿಯಿತು. ಸುದೇಷ್ಣಾ ನನ್ನ ತೋಳು ಹಿಂಡಿದಳು.

"ಬಾಬಾ, ಎದೆ ನೋವಾ?"

"ಆ ಹಿರಿಯ ಮಗ ಮೊದಲ ತುತ್ತಿಗೇ ಯಾಕೆ ಅತ್ತ ಅಂತ ಮೂವತ್ತು ವರ್ಷ ಪಾಠ ಹೇಳಿದೆ," ಎಂದರು ಮಾವ. "ಇವತ್ತು ಅರ್ಥವಾಯ್ತು."

"ತಪ್ಪಾಯ್ತು ಬಾಬಾ. ತಿಥಿ ಊಟ ಅಂತ ನನಗೆ ನಿಜವಾಗಲೂ—"

"ತಿಥಿ ಊಟ ಆದರೆ ಆಗಲಿ. ಹೋಗೋಕೆ ನಾನು ತಯಾರಾಗೇ ಇದ್ದೆ. ಆದರೆ ಇದಕ್ಕೆ ಸಕ್ಕರೆ ಹಾಕಿದ್ದೀಯಲ್ಲೋ!"

ಅವರು ತಟ್ಟೆ ಪಕ್ಕಕ್ಕೆ ಸರಿಸಿ, ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಸುದೇಷ್ಣಾ, ಮಾತ್ರೆ ತಾರಮ್ಮ. ಇನ್ನು ಒಂದೂ ತಪ್ಪಿಸಲ್ಲ. ನಾನು ಹೋದರೆ ನನ್ನ ತಿಥಿಗೆ ಅಡುಗೆ ಮಾಡೋನು ಇವನೇ."