ನನ್ನ ಮಣ್ಣಿನ ದಂಡು

ಒಂದು ಕೋಣೆ, ಒಂದು ಅಡಿಗೆಮನೆ ಇದ್ದವನು ಸೈನ್ಯ ಕಟ್ಟಬಾರದು. ಕಟ್ಟಿದರೆ ಇಂಥವು ಆಗುತ್ತಲೇ ಇರುತ್ತವೆ.

ಎಪ್ಪತ್ತರ ದಶಕದ ಕೊನೆಯ ಮಾತು. ಡೊಂಬಿವಲಿಯಲ್ಲಿ ಮನೆ, ಠಾಣೆಯ ವರ್ತಕ ನಗರದ ಕಡೆ ಒಂದು ಕಾರಖಾನೆಯ ಸ್ಟೋರ್ಸಿನಲ್ಲಿ ನೌಕರಿ. ದೀಪಾವಳಿ ಬಂತೆಂದರೆ ಇಲ್ಲಿ ಬಿಲ್ಡಿಂಗಿಗೊಂದು ಮಣ್ಣಿನ ಕೋಟೆ ಏಳುತ್ತದೆ. ಮಕ್ಕಳು ಕಲ್ಲು, ಕೆಸರು ಹೊತ್ತು ಕೋಟೆ ಕಟ್ಟಿ, ಮೇಲೆ ಬೆರಳುದ್ದದ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಪೇಟೆಯಲ್ಲಿ ಸಿಗುವ ಸಿಪಾಯಿಗಳ ಬಣ್ಣ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಒಬ್ಬನ ಮೀಸೆ ಗದ್ದದ ಮೇಲೆ, ಇನ್ನೊಬ್ಬನ ಮುಂಡಾಸಿನ ಕೆಂಪು ಕಿವಿಯವರೆಗೆ. ಹೀಗಾಗಿ ಕಲ್ಯಾಣದ ಕುಂಬಾರನಿಂದ ಬಣ್ಣವಿಲ್ಲದ ಬೊಂಬೆಗಳನ್ನು ತಂದು ನಾನೇ ಬಳಿಯತೊಡಗಿದೆ. ಒಂದು ದೀಪಾವಳಿಗಾದರೂ ನನ್ನ ದಂಡು ಪೂರ್ತಿಯಾಗಿ ಕೋಟೆಯ ಮೇಲೆ ನಿಲ್ಲಬೇಕು, ಅಷ್ಟೇ ನನ್ನ ಆಸೆ. ಇಷ್ಟು ಸಣ್ಣ ಆಸೆಗೆ ಎಷ್ಟು ಜನ ಅಡ್ಡ ಬಂದರು ನೋಡಿ.

ಗೋಡೆಯ ಕಡೆ ಮುಖ

ಬಣ್ಣ ಹಚ್ಚುವುದು ಕಷ್ಟವಲ್ಲ, ಯಾರದು ಎಲ್ಲಿಯವರೆಗೆ ಬಂದಿದೆ ಎಂದು ನೆನಪಿಡುವುದು ಕಷ್ಟ. ಒಂದು ಸಲ ಬಣ್ಣ ಬಳಿದ ಸಿಪಾಯಿಯೂ ಎರಡು ಸಲ ಬಳಿದವನೂ ಒಣಗಿದ ಮೇಲೆ ಒಂದೇ ತರಹ ಕಾಣುತ್ತಾರೆ. ಅದಕ್ಕೆ ಒಂದು ಉಪಾಯ ಮಾಡಿದೆ. ಗೋಡೆಗೆ ಹೊಡೆದ ಹಲಗೆಯ ಫಳಿಯ ಮೇಲೆ, ಮುಗಿದವರು ಕೋಣೆಯ ಕಡೆ ಮುಖ ಮಾಡಿರಬೇಕು, ಇನ್ನೊಂದು ಸಲ ಬಣ್ಣ ಬೇಕಾದವರು ಗೋಡೆಯ ಕಡೆ. ಇಡೀ ವರ್ಷ ಈ ವ್ಯವಸ್ಥೆ ಚೆನ್ನಾಗಿ ನಡೆಯಿತು.

ದಸರೆಯ ಹಿಂದಿನ ದಿನ ಕೆಲಸದಿಂದ ಬಂದು ನೋಡಿದರೆ ಇಡೀ ಸೈನ್ಯ ನನ್ನನ್ನೇ ನೋಡುತ್ತಿದೆ. ಹೆಂಡತಿ ಜೇಡರ ಬಲೆ ಹೊಡೆದು, ಫಳಿ ಒರೆಸಿ, ಎಲ್ಲರನ್ನೂ ತಿರುಗಿಸಿಟ್ಟಿದ್ದಳು.

"ಇವರನ್ನ್ಯಾಕ ತಿರುಗಿಸಿದಿ?" ಎಂದೆ.

"ಹಬ್ಬಕ್ಕ ಮಂದಿ ಬರತಾರ. ಬಂದವರಿಗೆ ಬೆನ್ನು ತೋರಸ್ಕೋತ ನಿಂತರ ಬರೋಬರ ಕಾಣಸ್ತದೇನ್ರಿ?"

ಇನ್ನು ಯಾರದು ಮುಗಿದಿದೆ, ಯಾರದು ಬಾಕಿ ಎಂದು ಹೇಗೆ ತಿಳಿಯುವುದು? ಮಂಚದ ಮೇಲೆ ಆ ಕಡೆ ತಿರುಗಿ ಮಲಗಿಬಿಟ್ಟೆ. ಅವಳು ಚಹಾ ತಂದಿಟ್ಟು ಅಂದಳು, "ಈಗ ಗ್ವಾಡಿ ಕಡೆ ಮಾರಿ ಮಾಡಿದವರು ನೀವೊಬ್ಬರ ಉಳಿದ್ರಿ."

ಕೂತ ಕುದುರೆ

ಮರುವರ್ಷ ಕುದುರೆಗಳ ಪಾಳಿ. ಕುಂಬಾರ ಒಳ್ಳೆಯ ಮನುಷ್ಯ, ಒಂದೊಂದನ್ನೂ ಹುಲ್ಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯ ಖೋಕಾದಲ್ಲಿಟ್ಟು ಕೊಟ್ಟ. ಕಲ್ಯಾಣ ಸ್ಟೇಷನ್ನಿನಲ್ಲಿ ನನ್ನ ಪುಣ್ಯಕ್ಕೆ ಸೀಟು ಸಿಕ್ಕಿತು. ಖೋಕಾವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಗಾಡಿ ಬಿಡುವಷ್ಟರಲ್ಲಿ ಡಬ್ಬಿಯೊಳಗೆ ಮಂದಿ ಗಚ್ಚಾಗಿಚ್ಚಿ ತುಂಬಿದರು.

ಮುಂದೆ ನಿಂತಿದ್ದ ಗೃಹಸ್ಥರು ಇದರಲ್ಲೇನಿದೆ ಎಂದು ಖೋಕಾ ತೋರಿಸಿ ಕೇಳಿದರು, "ಇಸಮೆ ಕ್ಯಾ ಹೈ?"

ಸುಳ್ಳು ಹೇಳಲು ಬರಲಿಲ್ಲ. "ಘೋಡಾ" ಎಂದೆ, ಕುದುರೆ ಅಂತ.

ಅವರು ಇಡೀ ಡಬ್ಬಿಗೆ ಕೇಳುವಂತೆ ಕೂಗಿದರು. "ದೇಖೋ ಭಾಯಿ! ಆದಮಿ ಖಡಾ ಹೈ, ಘೋಡಾ ಬೈಠಾ ಹೈ!" ಮನುಷ್ಯ ನಿಂತಿದ್ದಾನೆ, ಕುದುರೆ ಕೂತಿದೆ ಅಂತ.

ಎಲ್ಲರೂ ನಕ್ಕರು. ನಾಚಿಕೆಯಿಂದ ಖೋಕಾ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವರು ಪಕ್ಕದಲ್ಲಿ ಕೂತರು, ಮೇಲಿಂದ ಇನ್ನೊಬ್ಬರು ನನ್ನ ಮೇಲೇ ವಾಲಿದರು. ಡೊಂಬಿವಲಿಯಲ್ಲಿ ಇಳಿಯುವಾಗ ಏನಾಯಿತೆಂದು ಆ ಗದ್ದಲದಲ್ಲಿ ಇಳಿದವರಿಗಷ್ಟೇ ಗೊತ್ತು. ಮನೆಗೆ ಬಂದು ಬಿಚ್ಚಿದರೆ ಬಹಳಷ್ಟು ಕುದುರೆಗಳ ಕಾಲು ಒಂದು ಕಡೆ, ಮೈ ಒಂದು ಕಡೆ. ನಿಜವಾಗಿಯೂ ಅಳು ಬಂತು.

ಹೆಂಡತಿ ಒಂದು ಕುದುರೆಯನ್ನು ನೆಲದ ಮೇಲಿಟ್ಟು ನೋಡಿ ಸಮಾಧಾನ ಹೇಳಿದಳು. "ಹೋಗಲಿ ಬಿಡ್ರಿ. ಈಗ ಎಲ್ಲಾನೂ ಕೂತಾವ."

ಕಾಡಿಗೆ

ಕಾಲುಗಳನ್ನು ಅಂಟಿಸಿ, ಸಂದು ಕಾಣದಂತೆ ಬಣ್ಣ ಬಳಿದೆ. ಮುಖ ತಿರುಗಿಸುವ ಉಪಾಯ ಕೈಕೊಟ್ಟಿತ್ತಲ್ಲ, ಹೊಸದೊಂದನ್ನು ಹೂಡಿದೆ. ಕಣ್ಣು ಬರೆಯುವುದು ಕೊಟ್ಟಕೊನೆಗೆ. ಕಣ್ಣಿದ್ದರೆ ಮುಗಿದಂತೆ, ಇಲ್ಲದಿದ್ದರೆ ಬಾಕಿ. ಇದನ್ನು ಯಾರು ಕೆಡಿಸುತ್ತಾರೆ?

ವಿಜಾಪುರದಿಂದ ಅತ್ತೆ ಬಂದರು. ಶ್ರಾವಣ ಮುಗಿಸಿ, ಗಣಪತಿ ಹಬ್ಬ ಮಾಡಿಯೇ ಹೋಗುವವರು. ಒಂದು ಸಂಜೆ ಮನೆಗೆ ಬಂದಾಗ ಫಳಿಯ ಮೇಲಿನ ಎಲ್ಲರಿಗೂ ಕಣ್ಣು ಬಂದಿತ್ತು. ಅತ್ತೆಯ ಬೆರಳಿಗೆ ಇನ್ನೂ ಕಾಡಿಗೆ ಹತ್ತಿತ್ತು.

"ಕುರುಡರನ್ನ ಸಾಲು ಹಚ್ಚಿ ನಿಲ್ಲಿಸೀರಿ, ಅಳಿಯಂದ್ರ. ಪಾಪ ಅನಿಸ್ತು" ಎಂದರು.

ನೋಡುತ್ತ ಹೋದೆ. ಸಿಪಾಯಿ, ಕುದುರೆ, ಆನೆ, ಕೊನೆಗೆ ಗುಂಡು ಹಾರಿಸುವ ತೋಪಿಗೂ ಎರಡು ಕಣ್ಣು.

"ತೋಪಿಗ್ಯಾಕ್ರೀ, ಅತ್ತಿ?"

"ಗುರಿ ನೋಡಬೇಕಲ್ರೀ ಅದು?"

ಲೌಕರ್ ಯಾ

ಆದರೂ ಛಲ ಬಿಡಲಿಲ್ಲ. ಕಾಡಿಗೆಯ ಮೇಲೆಯೇ ನನ್ನ ಕಣ್ಣು ಬರೆದೆ. ಗಣಪತಿ ಕೂರುವ ಹೊತ್ತಿಗೆ ದಂಡು ಬಹುತೇಕ ಸಿದ್ಧ, ವಾರ್ನಿಶ್ ಒಂದೇ ಬಾಕಿ. ದೀಪಾವಳಿಗೆ ಇನ್ನೂ ಸಾಕಷ್ಟು ದಿನ ಇತ್ತು. ಬಿಲ್ಡಿಂಗಿನ ಮಕ್ಕಳಿಗೆ, ಈ ಸಲ ಕೋಟೆ ದೊಡ್ಡದು ಕಟ್ಟಿರೋ ಎಂದು ಹೇಳಿಯೂಬಿಟ್ಟೆ. ಜನ್ಮದಲ್ಲಿ ಅಷ್ಟು ಖುಷಿಪಟ್ಟದ್ದು ಆ ಒಂದು ವಾರವೇ.

ಗಣಪತಿಯನ್ನು ಕಳಿಸುವ ದಿನ ಠಾಣೆಯಿಂದ ಬಂದಾಗ ನಮ್ಮ ಬಿಲ್ಡಿಂಗಿನ ಮೆರವಣಿಗೆ ಸ್ಟೇಷನ್ ರಸ್ತೆಯಲ್ಲೇ ಸಿಕ್ಕಿತು. ಗುಲಾಲು ಬಳಿಸಿಕೊಂಡು ನಾನೂ ಕುಣಿದೆ. ಸಮುದ್ರದ ಹಿನ್ನೀರು ಬರುವ ಖಾಡಿಯ ದಂಡೆಯಲ್ಲಿ ಪಕ್ಕದ ಮನೆಯ ಕಾಕೂ ಒಂದು ಭಾರವಾದ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟರು. ಮೇಲೆ ಕೆಂಪು ಬಟ್ಟೆ ಕಟ್ಟಿತ್ತು. "ಹೇ ಪಣ ಸೋಡಾಯಚಂ ಆಹೆ" ಎಂದರು, ಇದನ್ನೂ ಬಿಡಬೇಕು ಅಂತ. ಪೂಜೆಯ ಹೂ, ಪತ್ರಿ, ಕಾಯಿ ಇರಬೇಕೆಂದು ಸೊಂಟದವರೆಗೆ ನೀರಿಗಿಳಿದು, ಎಲ್ಲರಿಗಿಂತ ಜೋರಾಗಿ "ಪುಢಚ್ಯಾ ವರ್ಷಿ ಲೌಕರ್ ಯಾ!" ಎಂದು ಕೂಗಿ ಬುಟ್ಟಿ ಬಿಟ್ಟೆ. ಮುಂದಿನ ವರ್ಷ ಬೇಗ ಬಾ ಎಂದು ಗಣಪತಿಗೆ ಹೇಳುವ ಮಾತದು. ಬುಟ್ಟಿ ಗುಳುಗುಳು ಎಂದು ಮುಳುಗಿತು.

ಮನೆಗೆ ಬಂದರೆ ಫಳಿ ಖಾಲಿ.

"ಒರಸೂ ಮುಂದ ಒಂದು ಕುದುರಿ ಕಾಲು ಕೈಯಾಗ ಬಂತು" ಎಂದರು ಅತ್ತೆ. "ಕಣ್ಣು ಬಿಟ್ಟ ಮೂರ್ತಿ ಭಿನ್ನ ಆದರ ಮನ್ಯಾಗ ಇಡಬಾರದು. ಬುಟ್ಟಿಯಾಗ ಹಾಕಿ ಗಣಪ್ಪನ ಜೋಡಿ ಕಳಿಸಿದ್ವಿ."

"ಮುರಿದದ್ದನ್ನಷ್ಟ ಕಳಿಸಬೇಕಿತ್ತಲ್ಲ!" ಎಂದು ಹೆಂಡತಿಯ ಕಡೆ ನೋಡಿದೆ.

ಅವಳ ಕಣ್ಣಲ್ಲಿ ನೀರಿತ್ತು. "ಯಾವುದು ಮುರದದ್ದು, ಯಾವುದು ಗಟ್ಟಿ, ಗೊತ್ತ ಆಗಲಿಲ್ರಿ. ಅಷ್ಟು ಚಂದ ಜೋಡಿಸಿದ್ರಿ. ಅದಕ್ಕ ಎಲ್ಲಾರನೂ ಕಳಿಸಿದ್ವಿ."

ನೆಲದ ಮೇಲೆ ಕೂತುಬಿಟ್ಟೆ. ಒದ್ದೆ ಬಟ್ಟೆಯಿಂದ ನೀರು ಇಳಿಯುತ್ತಿತ್ತು. ಅತ್ತೆಗೆ ಕನಿಕರ ಬಂದಿರಬೇಕು, ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನೀವ ಅಲ್ಲೇನ್ರೀ, ಮುಂದಿನ ವರ್ಷ ಲಗೂನ ಬರ್ರಿ ಅಂತ ಒದರಿದವರು? ಕಾಕೂ ಹೇಳಿದರು, ಭಾಳ ಜೋರಿತ್ತಂತ. ಬರತಾರ ಬಿಡ್ರಿ."

ನಿಜ. ಬಣ್ಣ ಹಚ್ಚಿಕೊಂಡೇ ಬರ್ರಿ ಎಂದು ಒದರುವುದೊಂದು ನನಗೆ ಹೊಳೆಯಲಿಲ್ಲ.